ಕೆಂಪು ಸೊನ್ನೆ

ಟಿಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಸೊಸೆಗೆ ಎಚ್ಚರವಾಯಿತು. ಅವಳ ನಿದ್ದೆಯೇ ಅಷ್ಟು. ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿದರೂ ಕಣ್ಣು ಬಿಡುವವಳು. ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಎಂದುಕೊಂಡಳು. ಆಮೇಲೆ, ಗ್ಯಾಸ್ ಒಲೆಯ ಗುಂಡಿಯನ್ನು ಯಾರಾದರೂ ತಿರುಗಿಸುತ್ತಿದ್ದಾರೋ ಎಂದು ಎದ್ದು ಕೂತಳು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಮೂರೂವರೆಗೆ ಏಳಬೇಕು. ಅವನನ್ನು ಎಬ್ಬಿಸದೆ ಬರಿಗಾಲಲ್ಲಿ ಹೊರಗೆ ಬಂದಳು.

ನಡುಮನೆಯ ಕುರ್ಚಿಯಲ್ಲಿ ಮಾವ ಕತ್ತಲಲ್ಲೇ ಕೂತಿದ್ದರು. ಮಡಿಲಲ್ಲಿ ಸೋಪಿನ ಡಬ್ಬಿಯಷ್ಟು ದಪ್ಪದ ಒಂದು ಕಪ್ಪು ವಸ್ತು. ಅದರ ಪಕ್ಕದ ಸ್ವಿಚ್ಚನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರು, ಟಿಕ್. ಕಾದರು. ಹಿಂದಕ್ಕೆ ಎಳೆದರು, ಟಿಕ್.

"ಮಾವ? ಇಷ್ಟು ಹೊತ್ತಲ್ಲಿ ಏನು ಮಾಡ್ತಿದ್ದೀರ?"

"ನಿದ್ದೆ ಬರಲಿಲ್ಲ ತಾಯಿ. ಹೋಗು, ಮಲಕ್ಕೋ."

"ದೀಪ ಹಾಕಲಾ?"

"ಬೇಡ ಬೇಡ. ಇದು ಕತ್ತಲಲ್ಲೇ ಚೆನ್ನಾಗಿ ಕಾಣೋದು." ತಡೆದು, "ಕಾಣ್ತಿತ್ತು," ಅಂದರು.

ಅದು ಅವರ ಹಳೆಯ ಕ್ಯಾಲ್ಕುಲೇಟರ್. ಮಾವ ನೂಲಿನ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಬಣ್ಣದ ಮೇಸ್ತ್ರಿಯಾಗಿದ್ದವರು. ಇಷ್ಟು ಕಿಲೋ ನೂಲಿಗೆ ಇಷ್ಟು ಗ್ರಾಂ ನೀಲಿ, ಇಷ್ಟು ಉಪ್ಪು, ಇಷ್ಟು ನೀರು ಎಂಬ ಲೆಕ್ಕವೆಲ್ಲ ಇದರಲ್ಲೇ. ಆವಿಯ ಮಬ್ಬಿನಲ್ಲೂ ಇದರ ಅಂಕಿಗಳು ಕೆಂಡದ ಹಾಗೆ ಕೆಂಪಗೆ ಉರಿಯುತ್ತಿದ್ದವಂತೆ. ರಾತ್ರಿ ಪಾಳಿಯಿಂದ ಬಂದವರು ಮೊದಲು ಇದನ್ನು ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಖ ತೊಳೆಯುತ್ತಿದ್ದರಂತೆ. ಅದಕ್ಕೇ ಅತ್ತೆ ಅದಕ್ಕಿಟ್ಟ ಹೆಸರು ಸವತಿ.

ಆ ಮನೆಯಲ್ಲಿ ಸೆಲ್ ಹಾಕುವ ಯಾವ ವಸ್ತುವೂ ಅತ್ತೆಯ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಟಾರ್ಚು, ರೇಡಿಯೋ, ಅಲಾರಂ ಗಡಿಯಾರ, ಯಾವುದನ್ನು ಬಳಸಿ ಇಟ್ಟರೂ ಅತ್ತೆ ಹಿಂಬದಿ ತೆಗೆದು ಒಂದು ಸೆಲ್ಲನ್ನು ಹಿಂದುಮುಂದಾಗಿ ತಿರುಗಿಸಿಡುವರು. ಮೇಲೊಂದು ಪ್ಲಾಸ್ಟರ್ ಚೂರು ಅಂಟಿಸಿ, ತಾರೀಖು ಬರೆಯುವರು. ಗೊತ್ತಿಲ್ಲದೆ ಯಾರೋ ಗುಂಡಿ ಒತ್ತಿ ಸೆಲ್ ಸುಮ್ಮನೆ ಸಾಯಬಾರದು ಅಂತ. ಮನೆಯವರಿಗೆ ಅದು ರೂಢಿಯಾಗಿತ್ತು. ಟಾರ್ಚು ಕೈಗೆ ತಗೊಂಡರೆ ಮೊದಲು ಸೆಲ್ ಸರಿಮಾಡಿಯೇ ಬಾಗಿಲು ದಾಟುವುದು. ಆ ಮನೆಯ ಟಾರ್ಚು ನೆಂಟರ ಕೈಯಲ್ಲಿ ಒಂದು ಸಲವೂ ಉರಿದದ್ದಿಲ್ಲ. ಆದರೆ ಮಾವನ ಕ್ಯಾಲ್ಕುಲೇಟರನ್ನು ಮಾತ್ರ ಅತ್ತೆ ನಲವತ್ತು ವರ್ಷದಲ್ಲಿ ಮುಟ್ಟಿದವರಲ್ಲ. "ಸವತಿ ಮೈ ಮುಟ್ಟೋ ಗತಿ ನನಗೆ ಬಂದಿಲ್ಲ," ಅನ್ನುವರು.

*

ಮನೆಯಲ್ಲಿ ಆಗ ಮೂರು ವಾರದಿಂದ ಅಪ್ಪ-ಮಗನಿಗೆ ಮಾತಿರಲಿಲ್ಲ.

ಮಾವನ ಕೈಕೆಳಗೆ ಒಂದು ಕಾಲದಲ್ಲಿ ಬಕೀಟು ತೊಳೆಯುತ್ತಿದ್ದವನು ಈಗ ಸ್ವಂತ ಬಣ್ಣದ ಶೆಡ್ ಹಾಕಿದ್ದ. ಮನೆಗೇ ಬಂದು, "ಮೇಸ್ತ್ರೀ, ವಾರಕ್ಕೆ ಮೂರು ಬೆಳಗ್ಗೆ ಬಂದು ಕೂತ್ಕೊಳ್ಳಿ ಸಾಕು. ಹುಡುಗರು ಅಳತೆ ತಪ್ಪಿಸಿ ದಿನಕ್ಕೊಂದು ನೀಲಿ ಮಾಡ್ತಿದ್ದಾರೆ," ಅಂತ ಕೈ ಹಿಡಿದು ಕೇಳಿದ್ದ. ಮಾವ ಹೂಂ ಅಂದವರು ಹೋಗಲೇ ಇಲ್ಲ. ಇವತ್ತು ಮಂಡಿ ನೋವು, ನಾಳೆ ನೋಡೋಣ. ಮಗ ಹೊಸ ಕ್ಯಾಲ್ಕುಲೇಟರ್ ತಂದುಕೊಟ್ಟ. ಅದು ಮೇಜಿನ ಖಾನೆ ಸೇರಿತು.

"ಕರೆಯೋರು ಕರೀತಿದ್ದಾರೆ. ಮನೇಲಿ ಕೂತು ಚಹಾ ಬಿಸಿ ಇಲ್ಲ, ಅನ್ನ ಮೆತ್ತಗಿಲ್ಲ ಅಂತ ಎಲ್ಲರ ಮೇಲೂ ರೇಗೋದಕ್ಕಿಂತ ಹೋಗಬಾರದಾ?" ಅಂದಿದ್ದ ಮಗ.

"ನಿನ್ನ ಅನ್ನ ತಿಂತಿದ್ದೀನಿ ಅಂತ ಹೇಳಿ ತೋರಿಸ್ತೀಯೇನೋ?"

"ನಾನು ಹಾಗಂದೆನಾ?"

"ಇನ್ನು ಹೇಗನ್ನಬೇಕು?"

ಅಲ್ಲಿಂದ ಮುಂದೆ ಊಟದ ಮೇಜಿನಲ್ಲಿ ಎಲ್ಲ ಮಾತೂ ಮೊಮ್ಮಗಳ ಮೂಲಕ. ಅವಳಿಗೆ ಹದಿನಾರು. ಮಾತು ಖಾರವೆಂದು ಮನೆಯಲ್ಲಿ ಮೆಣಸು ಅಂತಲೇ ಕರೆಯುವುದು.

"ನಿಮ್ಮ ತಾತನಿಗೆ ಬೇಳೆ ಬಡಿಸು."

"ನಿಮ್ಮಪ್ಪನಿಗೆ ಹೇಳು, ನಾನು ಬಡಿಸಿಕೊಂಡಾಯ್ತು."

"ನೀವಿಬ್ಬರೂ ಸೇರಿ ನನಗೊಂದು ಸಂಬಳ ಗೊತ್ತು ಮಾಡಿ," ಅಂದಳು ಮೆಣಸು. "ಟಪಾಲಿನವನೂ ಭಾನುವಾರ ರಜೆ ತಗೋತಾನೆ."

ಸೊಸೆ ಆಸ್ಪತ್ರೆಯ ರೆಕಾರ್ಡ್ ಕೋಣೆಯಲ್ಲಿ ಕೆಲಸ ಮಾಡುವವಳು, ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಮಾವ ಲೋಟಕ್ಕೆ ಚಹಾ ಬಗ್ಗಿಸುವಾಗ ಕಿವಿ ವಾಲಿಸುತ್ತಿದ್ದರು. ಮಾತ್ರೆಯ ಹೆಸರು ಓದದೆ ಬೆರಳಲ್ಲಿ ಆಕಾರ ತಡವುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಇಲ್ಲವೆಂದುಕೊಂಡು ಹೊಸ ಕ್ಯಾಲ್ಕುಲೇಟರನ್ನು ಖಾನೆಯಿಂದ ತೆಗೆದು, ಕಿಟಕಿಯ ಹತ್ತಿರ ಹಿಡಿದು, ಆ ಕಡೆ ಈ ಕಡೆ ವಾಲಿಸಿ, ಮತ್ತೆ ಮೆಲ್ಲಗೆ ಒಳಗಿಟ್ಟದ್ದನ್ನು ಅವಳು ಬಾಗಿಲ ಸಂದಿಯಿಂದ ಕಂಡಿದ್ದಳು. ಅದರ ಅಂಕಿಗಳು ಬೂದು ಗಾಜಿನ ಮೇಲೆ ಬೂದು ಬಣ್ಣದ ಸಣ್ಣ ಗೆರೆಗಳು.

"ಮಾವ, ಕಣ್ಣು..." ಎಂದು ಒಮ್ಮೆ ತೆಗೆದಳು.

"ಕಣ್ಣಿಗೇನಾಗಿದೆ? ನಿನ್ನ ಸೀರೆ ನೀಲಿ, ಅಂಚು ಕುಂಕುಮದ ಕೆಂಪು. ಸಾಕಾ?"

ಬಣ್ಣ ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ. ಮೂವತ್ತೆಂಟು ವರ್ಷ ಮೇಸ್ತ್ರಿಯಾಗಿದ್ದ ಮನುಷ್ಯ ಬಕೀಟು ತೊಳೆದವನ ಶೆಡ್ಡಿಗೆ ಹೋಗಿ, "ಇದೆಷ್ಟು ಅಂತ ಓದಿ ಹೇಳಪ್ಪಾ" ಅನ್ನುವುದು ಹೇಗೆ? ಅದಕ್ಕೇ ಮಂಡಿ ನೋವು. ಅದಕ್ಕೇ ರಾತ್ರಿಯ ಟಿಕ್ ಟಿಕ್. ಕೆಂಪು ಅಂಕಿ ಉರಿದರೆ ಅವರು ಹೋಗುತ್ತಾರೆ, ಉರಿಯದಿದ್ದರೆ ಈ ಕುರ್ಚಿಯಲ್ಲೇ ಉಳಿಯುತ್ತಾರೆ. ಇಷ್ಟು ಸೊಸೆಗೆ ತಿಳಿಯಿತು.

ಮೆಣಸು ಹುಟ್ಟಿ ಐದು ತಿಂಗಳಾಗಿದ್ದಾಗ ಸೊಸೆಯ ಡಿಗ್ರಿಯ ಕೊನೆಯ ಪರೀಕ್ಷೆ ಇತ್ತು. ರಾತ್ರಿ ಪಾಳಿ ಮುಗಿಸಿ ಬಂದ ಮಾವ ಮಲಗದೆ, ನೀಲಿ ಹತ್ತಿದ ಉಗುರುಗಳ ಕೈಯಲ್ಲಿ ಕೂಸನ್ನೆತ್ತಿಕೊಂಡು ಬೀದಿಯುದ್ದ ತಿರುಗಿದ್ದರು, ಹದಿನೇಳು ಬೆಳಗ್ಗೆ. "ನೀನು ಓದ್ಕೋ. ಇವಳಿಗೆ ನಾನು ಲೆಕ್ಕ ಕಲಿಸ್ತೀನಿ," ಅಂದಿದ್ದರು. ಆ ಹದಿನೇಳು ಬೆಳಗ್ಗೆಗಳನ್ನು ಅವಳು ಮರೆತಿರಲಿಲ್ಲ.

*

"ಮೊದಲು ಹೊಸ ಸೆಲ್ ಹಾಕಿ ನೋಡೋಣ," ಅಂದಳು ಸೊಸೆ, ಮಾರನೆಯ ಸಂಜೆ.

ಮೆಣಸು ಹಿಂಬದಿಯ ಮುಚ್ಚಳ ಜಾರಿಸಿದಳು. "ಥೂ! ತಾತ, ಇದರೊಳಗೆ ಪಾಚಿ ಬೆಳೆದಿದೆ!"

ಮೂರು ಹಳೆಯ ಸೆಲ್‌ಗಳು ಒಡೆದು ಸೋರಿ, ಸ್ಪ್ರಿಂಗಿನ ಸುತ್ತ ಹಸಿರು ಕಿಲುಬು, ಬಿಳಿ ಹುಡಿ ಕಟ್ಟಿಕೊಂಡಿತ್ತು. ಮಾವ ಅದನ್ನು ಮುಖದ ಹತ್ತಿರ ತಂದರು, ಕಾಣಲಿಲ್ಲ. ಒಂದು ಚಿಟಿಕೆ ಹುಡಿಗೆ ಹನಿ ನೀರು ತಾಗಿಸಿ ಎರಡು ಬೆರಳ ನಡುವೆ ಉಜ್ಜಿದರು. ಅವರ ಮುಖ ಬದಲಾಯಿತು.

"ಜಾರ್ತಿದೆ. ಸೋಪಿನ ಹಾಗೆ. ಇದು ಕ್ಷಾರ. ನೀರಲ್ಲಿ ಉಜ್ಜಿದರೆ ಹೋಗಲ್ಲ, ಹುಳಿ ಬೇಕು. ಮನೇಲಿ ವಿನೆಗರ್ ಇದೆಯಾ?"

"ಇದೆ ಮಾವ."

"ಹತ್ತಿ ಸುತ್ತಿದ ಕಡ್ಡಿ ತಾ. ಮೆಣಸೂ, ನೀನು ಕೈ ತೊಳ್ಕೋ, ಕಣ್ಣಿಗೆ ಒರೆಸ್ಕೋಬೇಡ. ಹನಿ ಹನಿಯಾಗಿ ಹಾಕಬೇಕು. ಕಿವಿ ಕೊಟ್ಟು ಕೇಳು."

ಸುಯ್ ಅಂತು. ನೊರೆ ಬಂತು.

"ಇನ್ನೂ ಕೂಗ್ತಿದೆ ಅಂದ್ರೆ ಇನ್ನೂ ಕ್ಷಾರ ಇದೆ. ಸುಮ್ಮನಾಗೋ ತನಕ ಬಿಡಬೇಡ."

"ಅಪ್ಪನಿಗೂ ಒಂದು ಹನಿ ಹಾಕೋಣವಾ ತಾತ?"

ಮಾವ ನಕ್ಕರು. ಎಷ್ಟೋ ದಿನದ ಮೇಲೆ. ಅಡುಗೆಮನೆಯಿಂದ ಅತ್ತೆ ತಲೆ ಹೊರಗೆ ಹಾಕಿದರು. "ಸವತಿಗೆ ಅಭ್ಯಂಜನ ನಡೀತಿದೆಯೋ? ನನ್ನ ಮಂಡಿಗೆ ಎಣ್ಣೆ ಹಚ್ಚೋಕೆ ಯಾರಿಗೂ ಪುರಸೊತ್ತಿಲ್ಲ."

ಹುಳಿ ಹಾಕಿ, ಒರೆಸಿ, ರಬ್ಬರಿನಿಂದ ಉಜ್ಜಿ ಉಜ್ಜಿ ಸ್ಪ್ರಿಂಗ್ ಹೊಳೆಯುವ ಹಾಗೆ ಮಾಡಿದರು. ರೇಡಿಯೋದಿಂದ ಮೂರು ಸೆಲ್ ತಂದು ("ಅಜ್ಜೀ, ಇದರಲ್ಲೂ ತಿರುಗಿಸಿಟ್ಟಿದ್ದೀಯಾ!" "ಇಟ್ಟಿದ್ದಕ್ಕೇ ಎರಡು ವರ್ಷ ಬಂದಿದೆ ಕಣೇ!") ಹಾಕಿದರು. ಮಾವ ಸ್ವಿಚ್ ತಳ್ಳಿದರು. ಟಿಕ್.

ಏನಿಲ್ಲ.

ಇಪ್ಪತ್ತು ಸಲ ಹಿಂದೆ ಮುಂದೆ ಆಡಿಸಿದರು. ಏನಿಲ್ಲ. ಮಾವ ಅದನ್ನು ಮೇಜಿನ ಮೇಲಿಟ್ಟು, "ಬಿಡು ತಾಯಿ. ಅದಕ್ಕೂ ವಯಸ್ಸಾಯ್ತು," ಎಂದು ಎದ್ದು ಹೋದರು. ಊಟಕ್ಕೆ ಬರಲಿಲ್ಲ.

"ನಾನು ಹೊಸದು ತಂದು ಒಂದು ತಿಂಗಳಾಯ್ತು," ಅಂದ ಗಂಡ, ಬ್ರೆಡ್ಡನ್ನು ಬೇಳೆಗೆ ಅದ್ದುತ್ತ. "ಅದನ್ನ ಮುಟ್ಟಿಲ್ಲ. ಮಗ ತಂದದ್ದಲ್ವಾ, ಅದಕ್ಕೆ."

"ಅದಕ್ಕಲ್ಲ ರೀ."

"ಮತ್ತೆ ಯಾತಕ್ಕೆ?"

ಸೊಸೆ ಅವನ ತಟ್ಟೆಗೆ ಇನ್ನಷ್ಟು ಬೇಳೆ ಬಡಿಸಿದಳು. ಅದು ಅವರ ಗುಟ್ಟು; ಅವರೇ ಹೇಳಬೇಕು.

*

ಗುರುವಾರ ಕೆಲಸದಿಂದ ಬರುವಾಗ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಹಣೆಗೊಂದು ಭೂತಗನ್ನಡಿ ಕಟ್ಟಿಕೊಂಡು ಕೂರುವವಳು. ಕ್ಯಾಲ್ಕುಲೇಟರ್ ನೋಡಿ, "ಅಯ್ಯೋ, ಈ ಅಜ್ಜ ಇನ್ನೂ ಬದುಕಿದ್ದಾನಾ!" ಅಂದಳು. ತೆರೆದಳು. "ಸ್ವಚ್ಛ ಮಾಡಿದ್ದು ಯಾರು?"

"ನಮ್ಮ ಮಾವ."

"ಕೈ ಗೊತ್ತಿರೋ ಮನುಷ್ಯ." ಮೀಟರಿನ ಕಡ್ಡಿಗಳನ್ನು ಸ್ಪ್ರಿಂಗಿಗೆ ತಾಗಿಸಿದಳು, ಮುಳ್ಳು ಎದ್ದಿತು. ಆಚೆ ತುದಿಗೆ ತಾಗಿಸಿದಳು, ಮುಳ್ಳು ಮಲಗಿತು. "ಇಲ್ಲಿ ತನಕ ಬರ್ತಿದೆ, ಇಲ್ಲಿಂದ ಮುಂದೆ ಇಲ್ಲ." ಸ್ಪ್ರಿಂಗಿನಿಂದ ಒಳಕ್ಕೆ ಹೋಗುವ ಒಂದು ಕೆಂಪು ವೈರನ್ನು ಚಿಮಟದಿಂದ ಎಳೆದಳು. ಅದು ದಾರದ ಹಾಗೆ ಕೈಗೆ ಬಂತು. ಮೇಲಿನ ಸಿಪ್ಪೆ ಹೊಸದರಂತಿತ್ತು; ಒಳಗೆ ತಾಮ್ರವೇ ಇರಲಿಲ್ಲ, ಬರೀ ಕಪ್ಪು ಹುಡಿ.

"ಸೋರಿದ್ದು ವೈರಿನೊಳಗೂ ಹತ್ತಿದೆ. ಹೊರಗೆ ನೋಡಿದ್ರೆ ಗೊತ್ತೇ ಆಗಲ್ಲ."

ಹೊಸ ತುಂಡು, ಎರಡು ಹನಿ ಸೀಸ, ಸಣ್ಣ ಹೊಗೆ. ಮೂರು ಹೊಸ ಸೆಲ್. ಟಿಕ್.

ಅಂಕಿ ತೋರುವ ಪುಟ್ಟ ಕಿಟಕಿಯ ಮೂಲೆಯಲ್ಲಿ ಒಂದು ಕೆಂಪು ಸೊನ್ನೆ ಹೊತ್ತಿಕೊಂಡಿತು.

ಅಂಗಡಿಯವಳು ಎಂಟರ ಗುಂಡಿಯನ್ನು ಎಂಟು ಸಲ ಒತ್ತಿ, ಒಂದು ಗೆರೆಯೂ ಸತ್ತಿಲ್ಲ ಎಂದು ತೋರಿಸಿದಳು. ಸೊಸೆಗೆ ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ. ಎರಡು ಸಲ ಥ್ಯಾಂಕ್ಸ್ ಹೇಳಿದಳು, ಸಾಲದೆನಿಸಿ ಬೀದಿಗೆ ಬಂದವಳು ವಾಪಸ್ ಹೋಗಿ ಇನ್ನೊಂದು ಸಲ ಹೇಳಿದಳು.

"ಸರಿಯಮ್ಮ, ಸರಿ. ಬಳಸದೆ ಇಡೋದಾದ್ರೆ ಸೆಲ್ ಮೇಲೆ ನಿಗಾ ಇರಲಿ. ಇದನ್ನ ತಿಂದದ್ದು ಅದೇ."

ಆ ರಾತ್ರಿ ಊಟದ ಹೊತ್ತಿಗೆ ದೀಪ ಆರಿಸಿ, ಮಾವನ ಅಂಗೈಯಲ್ಲಿ ಅದನ್ನಿಟ್ಟು ಸ್ವಿಚ್ ತಳ್ಳಿದಳು. ಗುಂಡಿಗಳನ್ನು ಬೆರಳೇ ಹುಡುಕಿಕೊಂಡು ಹೋಯಿತು. ಅವಕ್ಕೊಂದು ಗಟ್ಟಿ ಕಟಕಟ ಇತ್ತು. "ನೂರ ನಲವತ್ತು ಕಿಲೋ, ಶೇಕಡಾ ಎರಡೂವರೆ... ಮೂರು ಸಾವಿರದ ಐನೂರು ಗ್ರಾಂ," ಎಂದು ತಾವೇ ಓದಿದರು. ಮತ್ತೆ ಓದಿದರು. "ಶೆಡ್ಡಿನವನಿಗೆ ಫೋನ್ ಮಾಡಮ್ಮ. ಸೋಮವಾರ ಬರ್ತೀನಿ ಅಂತ ಹೇಳು."

ಸೊಸೆ ಅಂಗಡಿಯವಳ ಮಾತನ್ನೂ ಎಲ್ಲರಿಗೂ ಹೇಳಿದಳು. ಮಾವ ಸ್ವಿಚ್ ಆರಿಸಿ, "ಕೆಂಪು ದೀಪ ಸೆಲ್ಲನ್ನ ಬೇಗ ಕುಡಿಯುತ್ತೆ. ಇನ್ನು ಭಾನುವಾರದ ತನಕ ಮುಟ್ಟಲ್ಲ," ಎಂದು ಗಡಿಯಾರದ ಪಕ್ಕ ಇಟ್ಟರು. ಅತ್ತೆ, "ಬಂದಳಪ್ಪ ಮಹಾರಾಣಿ ವಾಪಸ್ಸು," ಎಂದು ಪಾತ್ರೆ ಸದ್ದು ಮಾಡಿದರು.

*

ಭಾನುವಾರ ಸಂಜೆ ಅತ್ತೆ ಮೂಲೆಮನೆಯ ಬಾಣಂತಿಯನ್ನು ನೋಡಲು ಹೋಗಿದ್ದರು. ಮಾವ ತಲೆ ಬಾಚಿಕೊಂಡು, ನಾಳೆಯ ಅಂಗಿ ಇಸ್ತ್ರಿ ಮಾಡಿಸಿ, ಬಣ್ಣದ ಅಳತೆಗಳ ಹಳೆಯ ಪಟ್ಟಿಯನ್ನು ಮೆಣಸಿನ ಕೈಯಲ್ಲಿ ಓದಿಸುತ್ತ ಮೇಜಿಗೆ ಕೂತರು. ಟಿಕ್.

ಏನಿಲ್ಲ.

ಟಿಕ್. ಟಿಕ್. ಟಿಕ್.

"ತಾತ, ಮೆಲ್ಲಗೆ."

"ಮೆಲ್ಲಗೇ ಮಾಡ್ತಿದ್ದೀನಿ!"

ಕೋಣೆಯಿಂದ ಗಂಡ ಎದ್ದು ಬಂದ. ಸೋಮವಾರ ಅವನಿಗೆ ರಜೆ, ಆ ಸಂಜೆ ಎದ್ದಿದ್ದ. ನೋಡಿದ. ತಿಂಗಳಾದ ಮೇಲೆ ಮೊದಲ ಸಲ ಅಪ್ಪನಿಗೆ ನೇರವಾಗಿ ಮಾತಾಡಿದ. "ಹಳೇದು ಹಳೇದೇ ಅಪ್ಪ. ನಾಳೆ ಹೊಸದನ್ನ ತಗೊಂಡು ಹೋಗಿ. ಲೆಕ್ಕ ಅದರಲ್ಲೂ ಅದೇ ಬರುತ್ತೆ."

"ನಾಳೆ ನಾನು ಹೋಗಲ್ಲ. ಫೋನ್ ಮಾಡಿ ಹೇಳಿಬಿಡಿ."

"ಅಂದ್ರೆ? ಬೆಳಗ್ಗೆ ಅವನು ಗಾಡಿ ತಗೊಂಡು ಬರ್ತಾನೆ! ಒಂದು ಡಬ್ಬಿಗೋಸ್ಕರ ಇಷ್ಟು ಹಟಾನಾ? ನಾನು ತಂದದ್ದು ಅಂತ ತಾನೇ?"

"ಕಾಣಲ್ಲ ಕಣೋ!" ಮಾವನ ದನಿ ಒಡೆಯಿತು. "ನೀನು ತಂದದ್ದರಲ್ಲಿ ನನಗೆ ಅಂಕಿ ಕಾಣಲ್ಲ. ಮೂರೋ ಎಂಟೋ ಗೊತ್ತಾಗಲ್ಲ. ಮೂರರ ಜಾಗದಲ್ಲಿ ಎಂಟು ಹಾಕಿದ್ರೆ ನೂಲೆಲ್ಲ ಹಾಳು. ಕೆಂಪಾದ್ರೆ ಕಾಣುತ್ತೆ. ಸಾಕಾ? ಕೇಳಿಸ್ತಾ ಎಲ್ಲರಿಗೂ?"

ಮಾವ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು.

ಗಂಡ ಅಲ್ಲೇ ಕುಸಿದು ಕೂತ. "ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ನಾನೊಬ್ಬ ಕತ್ತೆ," ಅಂದ. ಸ್ಕ್ರೂಡ್ರೈವರ್ ಹುಡುಕಿ ತಂದು, ಮುಂಭಾಗ ಬಿಚ್ಚಿ, ಬೆಸೆದ ವೈರನ್ನು ಅಲುಗಾಡಿಸಿ ನೋಡಿದ, ಗಟ್ಟಿಯಾಗಿತ್ತು. "ಸೆಲ್ಲು?" ಅಂದಳು ಮೆಣಸು. "ಹೊಸದು ಕಣೇ, ಅಂಗಡಿಯವಳೇ ಹಾಕಿದ್ದು. ಒಂದು ಗಂಟೆಯೂ ಉರಿದಿಲ್ಲ," ಅಂದ. ಮತ್ತೆ ಮುಚ್ಚಿ, ಎಲ್ಲ ಸ್ಕ್ರೂ ಬಿಗಿ ಮಾಡಿ, ಅದರ ಮುಂದೆಯೇ ಬಹಳ ಹೊತ್ತು ಕೂತಿದ್ದ. ಅಷ್ಟು ಹೊತ್ತಿಗೆ ಬಂದ ಅತ್ತೆ ಮುಚ್ಚಿದ ಬಾಗಿಲನ್ನೂ ಮಗನ ಮುಖವನ್ನೂ ನೋಡಿ, ಮತ್ತೆ ಇಬ್ಬರಿಗೂ ಜಗಳ ಹತ್ತಿತೆಂದು ತಿಳಿದು, ಒಂದು ಮಾತೂ ಕೇಳದೆ ಮಲಗಿದರು.

*

ಸೋಮವಾರ ಸೊಸೆ ಎಲ್ಲರಿಗಿಂತ ಮೊದಲು ಎದ್ದಳು. ಇನ್ನೂ ಬೆಳಕಾಗಿರಲಿಲ್ಲ. ಮಾಳಿಗೆಯ ತೊಟ್ಟಿಯಲ್ಲಿ ನೀರೆಷ್ಟಿದೆ ನೋಡಬೇಕಿತ್ತು. ಮೊಳೆಯಿಂದ ಟಾರ್ಚು ತೆಗೆದಳು, ಕೈ ತನ್ನಷ್ಟಕ್ಕೆ ಹಿಂಬದಿ ತಿರುಚಿತು, ಸೆಲ್ಲನ್ನು ಹೊರಗೆ ಜಾರಿಸಿತು, ಸರಿಯಾಗಿ ತಿರುಗಿಸಿ...

ಸೆಲ್ ಹಿಡಿದ ಕೈ ಅಲ್ಲೇ ನಿಂತಿತು.

ಟಾರ್ಚನ್ನು ಕೆಳಗಿಟ್ಟು, ಮೇಜಿನ ಹತ್ತಿರ ಹೋಗಿ, ಕ್ಯಾಲ್ಕುಲೇಟರಿನ ಹಿಂದಿನ ಮುಚ್ಚಳ ಜಾರಿಸಿದಳು. ಮೂರು ಸೆಲ್‌ಗಳಲ್ಲಿ ನಡುವಿನದು ತಲೆಕೆಳಗಾಗಿತ್ತು. ಅದರ ಮೇಲೊಂದು ಅಚ್ಚುಕಟ್ಟಾದ ಪ್ಲಾಸ್ಟರ್ ಚೂರು, ಶುಕ್ರವಾರದ ತಾರೀಖು. ಅಷ್ಟೇ ಅಲ್ಲ. ಸೆಲ್‌ಗಳ ಕೆಳಗೆ, ಇನ್ನು ಮುಂದೆ ಸೋರಿದರೂ ಹೀರಿಕೊಳ್ಳಲಿ ಎಂದು, ಅಳತೆಗೆ ಸರಿಯಾಗಿ ಕತ್ತರಿಸಿದ ಮೆತ್ತನೆಯ ಬಿಳಿ ಬಟ್ಟೆ. ಅಂಚನ್ನು ಮಡಿಸಿ ಹೊಲಿದಿತ್ತು.

ಸವತಿ ಮೈ ಮುಟ್ಟುವ ಗತಿ ಬಂದಿಲ್ಲ ಅನ್ನುತ್ತಿದ್ದ ಅತ್ತೆ ಯಾವಾಗ ಕೂತು ಹೊಲಿದರೋ!

ಸೊಸೆ ಬಟ್ಟೆಯನ್ನು ಹಾಗೇ ಬಿಟ್ಟಳು. ನಡುವಿನ ಸೆಲ್ಲನ್ನು ತಿರುಗಿಸಿದಳು. ಟಿಕ್. ಕತ್ತಲಲ್ಲಿ ಕೆಂಪು ಸೊನ್ನೆ. ಬೇಗ ಆರಿಸಿ, ಮುಚ್ಚಳ ಹಾಕಿ, ಗಂಡ ಬಿಟ್ಟುಹೋದ ಸ್ಕ್ರೂಡ್ರೈವರಿನ ಪಕ್ಕಕ್ಕೆ ಮೊದಲಿದ್ದ ಹಾಗೇ ಇಟ್ಟು, ಚಹಾಕ್ಕೆ ನೀರಿಟ್ಟಳು.

ಗಂಡ ಎದ್ದು ಬಂದವನು ಸುಮ್ಮನೆ ಬೆರಳಾಡಿಸಿ ಸ್ವಿಚ್ ತಳ್ಳಿದ.

"ಅಪ್ಪಾ!" ಕೂಗು ಬೀದಿಗೂ ಕೇಳಿಸಿರಬೇಕು. "ಅಪ್ಪಾ, ಬನ್ನಿ ಇಲ್ಲಿ! ಉರೀತಿದೆ!"

ಮಾವ ಬಂದರು. ಎರಡು ಕೈಯಲ್ಲೂ ಹಿಡಿದುಕೊಂಡರು. "ನೀನೇ ಮಾಡಿದ್ಯಾ?"

"ರಾತ್ರಿ ಸ್ವಲ್ಪ... ಸ್ಕ್ರೂ ಬಿಗಿ ಮಾಡಿದ್ದೆ. ಅಷ್ಟೇ."

"ಅಷ್ಟೇ ಅಂತೆ." ಮಾವ ಮಗನ ತೋಳನ್ನು ತಡವಿ ಹಿಡಿದರು. "ಬ್ರೆಡ್ಡು ಸುಡೋ ಕೈಗೆ ಈ ಕಸುಬೂ ಬರುತ್ತೆ ಅಂತ ಗೊತ್ತಿರಲಿಲ್ಲ ಕಣೋ."

"ಬುಧವಾರ ನಿಮ್ಮನ್ನ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಇಲ್ಲ ಅನ್ನಬಾರದು."

"ಬುಧವಾರ ನನಗೆ ಡ್ಯೂಟಿ ಇದೆ. ಗುರುವಾರ."

"ಹಾಗಾದ್ರೆ ನನ್ನ ಟಪಾಲು ಕೆಲಸ ಹೋಯ್ತಾ?" ಎಂದಳು ಹಾಸಿಗೆಯಿಂದಲೇ ಮೆಣಸು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಮುಖದಲ್ಲಿ ಒಂದು ಗುಟ್ಟಿನ ಬಿಂಕ. "ನೋಡಿದ್ಯಾ," ಎಂದರು ಸೊಸೆಗೆ ಮಾತ್ರ ಕೇಳುವ ಹಾಗೆ. "ಗುರುವಾರದಿಂದ ಇದ್ದರೂ ಸೆಲ್ ಹೇಗೆ ಗಟ್ಟಿಯಾಗಿದೆ. ನಿಗಾ ಮಾಡೋರು ಇದ್ದಾಗ ಹಾಗೇ."

"ಹೂಂ ಅತ್ತೆ," ಅಂದಳು ಸೊಸೆ. "ನೀವಿಲ್ಲದಿದ್ರೆ ಈ ಮನೇಲಿ ಯಾವುದೂ ಉಳಿಯಲ್ಲ."

ಅದು ಸುಳ್ಳಾಗಿರಲಿಲ್ಲ. ಏಳೂವರೆಗೆ ಗಾಡಿ ಬಂತು. ಇಸ್ತ್ರಿ ಮಾಡಿದ ಅಂಗಿಯ ಜೇಬು ಜೋತು ಬೀಳುವಷ್ಟು ಭಾರದ ಆ ಕಪ್ಪು ವಸ್ತುವನ್ನು ಎದೆಗಿಟ್ಟುಕೊಂಡು, ಮಗನ ತೋಳು ಹಿಡಿದು, ಮಾವ ಮೆಟ್ಟಿಲಿಳಿದರು. ಮಂಡಿ ನೋವಿನ ಮಾತೇ ಬರಲಿಲ್ಲ. ಇನ್ನು ಮಾವ ಹೋಗುವ ದಿನಗಳಲ್ಲಿ ಬೆಳಗ್ಗೆ ಐದಕ್ಕೇ ಎದ್ದು ಒಂದು ಸೆಲ್ ಸರಿಮಾಡಬೇಕು, ಅಂದುಕೊಂಡಳು ಸೊಸೆ. ಹೇಗೂ ತಾನು ಏಳುವವಳೇ.

ಆಫೀಸಿನಲ್ಲಿ ಪಕ್ಕದ ಮೇಜಿನವಳು ಫೈಲಿನಿಂದ ತಲೆ ಎತ್ತಿದಳು. ಈ ಒಂದು ತಿಂಗಳ ಕಥೆಯನ್ನೆಲ್ಲ ಕಂತು ಕಂತಾಗಿ ಕೇಳಿಸಿಕೊಂಡವಳು.

"ಏನಾಯ್ತೇ ಮಾವನ ಯಂತ್ರ?"

"ಸರಿಹೋಯ್ತು."

"ಹೌದಾ! ಏನಾಗಿತ್ತಂತೆ?"

ಸೊಸೆ ಬಾಯಿ ತೆರೆದಳು. ಪ್ಲಾಸ್ಟರಿನ ಮೇಲಿನ ತಾರೀಖು, ಮಡಿಸಿ ಹೊಲಿದ ಅಂಚು, ಮಗನ ತೋಳನ್ನು ತಡವಿದ ಕೈ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು.

"ಯಾರಿಗೂ ಗೊತ್ತಾಗಲಿಲ್ಲ," ಎಂದು ಅವಳು ಫೈಲು ತೆರೆದಳು.